ಬನಶಂಕರಿಯ ಯೋಜನಾ ಆಯೋಗ

ದಿಲ್ಲಿಯ ಯೋಜನಾ ಆಯೋಗಕ್ಕೆ ಬೀಗ ಬಿದ್ದು 2015ರಲ್ಲಿ ಆ ಜಾಗಕ್ಕೆ ನೀತಿ ಆಯೋಗ ಬಂತು. ಬನಶಂಕರಿ ಎರಡನೇ ಹಂತದಲ್ಲಿರುವ ಯೋಜನಾ ಆಯೋಗ ಮಾತ್ರ ಇವತ್ತಿಗೂ ಗಟ್ಟಿಯಾಗಿ ನಡೆಯುತ್ತಿದೆ. ಅದರ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಲೆಕ್ಕ ತಪಾಸಣೆಯವರು ಎಲ್ಲರೂ ಒಬ್ಬರೇ: ನನ್ನ ಹೆಂಡತಿಯ ಅಕ್ಕನ ಯಜಮಾನರು. ಸಂಬಂಧದಲ್ಲಿ ನನಗೆ ಷಡ್ಡಕರು, ಬಾಯಲ್ಲಿ ಭಾವ. ಬ್ಯಾಂಕೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇಡೀ ಸರ್ವೀಸು ಕಳೆದು ನಿವೃತ್ತರಾದವರು. ಬ್ಯಾಂಕಿನವರು ಹಾರ ಹಾಕಿ ಕಳಿಸಿಕೊಟ್ಟರು. ತಪಾಸಣೆಗೆ ಬೇರೆ ಏನೂ ಉಳಿಯದೆ ಅವರು ನಮ್ಮ ಕಡೆ ತಿರುಗಿದರು.

ಅವರು ತಯಾರಿಸುವುದು ಪಂಚವಾರ್ಷಿಕ ಯೋಜನೆಯಲ್ಲ, ಎರಡು ದಿನದ ಟ್ರಿಪ್ಪು. ಆದರೆ ತಯಾರಿಗೆ ಹಿಡಿಯುವ ಕಾಲದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ.

ಇಂಥವರು ನಮ್ಮ ಮನೆಯಲ್ಲಿ ಮಾತ್ರ ಇದ್ದಾರೆ ಅಂತ ಜಂಬ ಪಡುವ ಹಾಗಿಲ್ಲ. ದಕ್ಷಿಣ ಬೆಂಗಳೂರಿನಲ್ಲಿ ಮನೆಗೊಬ್ಬರು ಇದ್ದಾರೆ. ಜಯನಗರದ ಮಾದರಿ ಹಳೇ ಡೈರಿಯ ಹಿಂದಿನ ಹಾಳೆಯಲ್ಲಿ ಕೆಂಪು ಗೆರೆ ಎಳೆದು ಖರ್ಚು ಬರೆಯುತ್ತದೆ. ಜೆ.ಪಿ. ನಗರದ್ದು ಬೆಳಿಗ್ಗೆ ಮಿನಿ ಫಾರೆಸ್ಟಿನಲ್ಲಿ ವಾಕ್ ಮಾಡುತ್ತಾ, ಎದುರಿಗೆ ಸಿಕ್ಕವರನ್ನೆಲ್ಲ ‘ನೀವು ಹೋಗಿದ್ರಲ್ಲ, ತಲೆಗೆ ಎಷ್ಟು ಬಿತ್ತು?’ ಅಂತ ಅಡ್ಡಗಟ್ಟುತ್ತದೆ. ಬಿಟಿಎಂ ಲೇಔಟಿನ ಮಾದರಿ ವಯಸ್ಸಿನಲ್ಲಿ ಚಿಕ್ಕದು. ಎಕ್ಸೆಲ್ ಶೀಟಿನಲ್ಲಿ ಬಣ್ಣ ತುಂಬಿ ಗ್ರೂಪಿಗೆ ಹಾಕುತ್ತದೆ. ವೇಷ ಬೇರೆ, ಆತ್ಮ ಒಂದೇ. ಹಿಂದೆ ಇವರ ಪೂರ್ವಜರಿಗೆ ಕೆಲಸ ಸುಲಭವಿತ್ತು. ಧರ್ಮಸ್ಥಳ ಅಂದರೆ ಧರ್ಮಸ್ಥಳ, ಊಟ ದೇವರದ್ದು. ಈಗಿನ ಮಕ್ಕಳಿಗೆ ಕಾಡು ಬೇಕು, ಟೆಂಟು ಬೇಕು, ಜೀಪು ಬೇಕು, ಅದರ ಮೇಲೆ ಒಂದು ಹುಲಿ. ಯೋಜನಾ ಆಯೋಗದ ಬಿಕ್ಕಟ್ಟು ಶುರುವಾಗಿದ್ದೇ ಇಲ್ಲಿಂದ.

ಊಟಿಯ ಹೋಟೆಲಿನಲ್ಲಾದರೆ ಬಾಡಿಗೆ ರೂಮಿಗೆ. ಒಂದು ರೂಮು ತೆಗೆದುಕೊಂಡು, ಇನ್ನೊಂದು ಹಾಸಿಗೆ ಹಾಕಿಸಿಕೊಂಡು, ಆಮೇಲೆ ಒಬ್ಬೊಬ್ಬರನ್ನೇ ‘ನೋಡಿಕೊಂಡು ಹೋಗಲು ಬಂದ ನೆಂಟರು’ ಅಂತ ಒಳಗೆ ಸೇರಿಸುವ ಕಲೆಯಲ್ಲಿ ಭಾವ ಪಳಗಿದ್ದರು. ಕಾಡಿನ ಬಿಡಾರಗಳಲ್ಲಿ ಈ ಕಲೆ ನಡೆಯುವುದಿಲ್ಲ. ಅಲ್ಲಿ ದರ ತಲೆಗೆ. ಮಧ್ಯಾಹ್ನ ಹೋಗಿ ಇಳಿದರೆ ಊಟ, ಸಂಜೆ ಸಫಾರಿ, ರಾತ್ರಿ ಊಟ, ಬೆಳಗಿನ ಜಾವ ಇನ್ನೊಂದು ಸಫಾರಿ, ತಿಂಡಿ, ನಮಸ್ಕಾರ. ಎಲ್ಲ ಸೇರಿ ತಲೆಗೆ ಇಷ್ಟು. ನಮ್ಮ ಕಡೆ ತಲೆ ಹದಿನಾಲ್ಕು. ಭಾವ ಆ ಮೊತ್ತವನ್ನು ಹದಿನಾಲ್ಕರಿಂದ ಗುಣಿಸಿದರು. ಸ್ವಲ್ಪ ಹೊತ್ತು ಕನ್ನಡಕ ತೆಗೆದು ಕೂತರು. ಆಮೇಲೆ ಫೋನು ತೆಗೆದುಕೊಂಡು, ‘ಲಾಸ್ಟ್ ಎಷ್ಟಕ್ಕೆ ಕೊಡ್ತೀರಿ?’ ಅಂದರು.

ಅವರು ಕೇಳಿದ್ದು ಜಂಗಲ್ ಲಾಡ್ಜಸ್‌ನವರನ್ನು. 1980ರಲ್ಲಿ ಹುಟ್ಟಿದ ಕರ್ನಾಟಕ ಸರ್ಕಾರದ ಸಂಸ್ಥೆ ಅದು. ದರಪಟ್ಟಿ ಎಲ್ಲರ ಕಣ್ಣಿಗೂ ಕಾಣುವ ಹಾಗೆ ಹಾಕಿರುತ್ತಾರೆ. ಬಿಎಂಟಿಸಿ ಕಂಡಕ್ಟರ್ ಹತ್ತಿರ ಟಿಕೆಟ್ಟಿಗೆ ಚೌಕಾಸಿ ಮಾಡಿದ ಹಾಗಾಯಿತು ಅಂತ ನಾನು ಹೇಳಿದೆ. ‘ಕೇಳೋದ್ರಲ್ಲಿ ಏನು ಹೋಗುತ್ತೆ?’ ಅಂದರು. ಈ ಮಾತಿಗೆ ಬೆಂಗಳೂರಿನಲ್ಲಿ ಇದುವರೆಗೂ ಯಾರೂ ಉತ್ತರ ಕಂಡುಹಿಡಿದಿಲ್ಲ.

ಆಮೇಲೆ ಸ್ಥಳದ ಚರ್ಚೆ. ಕರ್ನಾಟಕದ ಕಾಡೆಲ್ಲ ಹರಾಜಿಗೆ ಬಿತ್ತು. ಕಬಿನಿ ಎಂದವನು ನನ್ನ ಮಗ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಲ್ಲಿ ಆನೆಗಳ ಹಿಂಡು ಸೇರುವುದನ್ನು ಅವನು ವಿಡಿಯೋದಲ್ಲಿ ನೋಡಿದ್ದ. ಭಾವ ಅಲ್ಲಿನ ದರ ನೋಡಿ, ‘ವಿಡಿಯೋ ಚೆನ್ನಾಗಿದೆಯಲ್ಲ’ ಅಂದು ಮುಂದೆ ಹೋದರು. ದಾಂಡೇಲಿಯ ಕುಳಗಿ, ಹೆಬ್ರಿ ಹತ್ತಿರದ ಸೀತಾನದಿ ಎರಡೂ ದೂರ. ಭೀಮೇಶ್ವರಿ ಹತ್ತಿರ, ಆದರೆ ಹುಲಿ ಇಲ್ಲ ಅಂತ ಮಕ್ಕಳು ಬೇಡ ಅಂದವು. ಬನ್ನೇರುಘಟ್ಟದಲ್ಲಿ ಹುಲಿ ಗ್ಯಾರಂಟಿ, ಬಸ್ಸೂ ಸಿಗುತ್ತೆ ಅಂತ ಭಾವ ಆಸೆಯಿಂದ ಹೇಳಿದರು. ‘ಸ್ಕೂಲಿಂದ ವರ್ಷಾ ವರ್ಷಾ ಕರ್ಕೊಂಡು ಹೋಗ್ತಾರೆ ದೊಡ್ಡಪ್ಪಾ’ ಅಂತ ನಾಲ್ಕು ಮಕ್ಕಳು ಒಟ್ಟಿಗೆ ಕೂಗಿದವು.

ಕೊನೆಗೆ ಭಾವ ಗೋಪಿನಾಥಂ ಹೆಸರು ತೆಗೆದರು. ಕಾವೇರಿ ಪಕ್ಕದ ಕಾಡು, ಜಂಗಲ್ ಲಾಡ್ಜಸ್‌ನದೇ ಕ್ಯಾಂಪು, ಕೈಗೆಟಕುವಂತಿದೆ ಅಂತ ವಿವರಿಸಿದರು. ಅಲ್ಲಿಯವರೆಗೆ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತೆ ತಲೆ ಎತ್ತಿದರು. ‘ಅದು ವೀರಪ್ಪನ್ ಊರಲ್ವೇ?’

‘ಹೌದು ಅತ್ತೆ, ಆದ್ರೆ ಅವನು ಹೋಗಿ ಎಷ್ಟು ವರ್ಷ ಆಯ್ತು. 2004ರಲ್ಲೇ...’

‘ನಮ್ಮ ರಾಜ್‌ಕುಮಾರನ್ನ 108 ದಿನ ಕಾಡಲ್ಲಿ ಕೂರಿಸಿದೋನ ಊರು. ಅಲ್ಲಿಗೆ ನಾವು ದುಡ್ಡು ಬೇರೆ ಕೊಟ್ಟು ಹೋಗಿ ಮಲಗಬೇಕೇನಪ್ಪಾ?’

ಗೋಪಿನಾಥಂ ಅಲ್ಲಿಗೆ ಮುಗಿಯಿತು. ಊರಿನವರದ್ದೇನೂ ತಪ್ಪಿಲ್ಲ, ಕ್ಯಾಂಪು ಚೆನ್ನಾಗಿದೆ ಅಂತಲೇ ಹೋಗಿ ಬಂದವರೆಲ್ಲ ಹೇಳುತ್ತಾರೆ. ಆದರೆ ನಮ್ಮತ್ತೆ 2000ದ ಆ ಜುಲೈನಿಂದ ನವೆಂಬರ್‌ವರೆಗೆ ರೇಡಿಯೋ ಆರಿಸಿರಲಿಲ್ಲ. ಅವರ ಕೋಪಕ್ಕೆ ವಾಯಿದೆ ಇಲ್ಲ.

ಹೀಗೆ ಒಂದೊಂದೇ ಬಿದ್ದು ಉಳಿದದ್ದು ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ. ಅಂದರೆ ಕ್ಯಾತದೇವರ ಗುಡಿ. ದೇವಸ್ಥಾನವಿದೆ, ಅತ್ತೆ ಒಪ್ಪಿದರು. ಹುಲಿ ಇದೆ, ಮಕ್ಕಳು ಒಪ್ಪಿದರು. ಕನಕಪುರ ರಸ್ತೆ ಹಿಡಿದರೆ ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಅಂತ ಸೀದಾ ದಾರಿ. ಬನಶಂಕರಿಯ ಬಾಗಿಲಲ್ಲೇ ಶುರು. ಭಾವನೂ ಒಪ್ಪಿದರು. ಆದರೆ ಬುಕ್ ಮಾಡಲಿಲ್ಲ. ರೇಟು ಇಳಿಯಲಿ ಅಂತ ಕಾದರು. ನಾಲ್ಕನೇ ಶನಿವಾರ ಹೋಯಿತು, ಎರಡನೇ ಶನಿವಾರ ಹೋಯಿತು, ಬೇಸಿಗೆ ರಜೆಯ ತಿರುಳೆಲ್ಲ ಹೋಯಿತು. ರೇಟು ಇದ್ದಲ್ಲೇ ಇತ್ತು, ಟೆಂಟುಗಳು ಖಾಲಿಯಾದವು. ಕಟ್ಟಕಡೆಗೆ ನಮಗೆ ಸಿಕ್ಕಿದ್ದು ಮೇ ಕೊನೆಯ ಒಂದು ಬುಧವಾರ. ಭಾವ ಇದನ್ನೂ ತಮ್ಮ ಸಾಧನೆಯ ಪಟ್ಟಿಗೆ ಹಾಕಿಕೊಂಡರು: ‘ಆಫ್ ಸೀಸನ್, ಜನ ಇರಲ್ಲ!’

ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಗೊತ್ತು ಮಾಡಿದ ಕಥೆಯನ್ನು ಪೂರ್ತಿ ಹೇಳುವುದಿಲ್ಲ. ಹನ್ನೆರಡು ಸೀಟಿನದ್ದಕ್ಕೆ ಹದಿನಾಲ್ಕು ಜನ ಹೇಗೆ ಅಂತ ಕೇಳಿದರೆ, ‘ಇಬ್ಬರು ಮಕ್ಕಳು ಸಣ್ಣವು’ ಅಂದರು. ಆ ಸಣ್ಣವುಗಳಲ್ಲಿ ಒಂದಕ್ಕೆ ತುಟಿಯ ಮೇಲೆ ಕಪ್ಪು ಮೂಡಿತ್ತು. ಹಿಂದಿನ ರಾತ್ರಿ ಇನ್ನೊಂದು ಸುತ್ತೋಲೆ ಬಂತು. ಎಲ್ಲರೂ ಮೆಟ್ರೋದಲ್ಲಿ ರೇಷ್ಮೆ ಸಂಸ್ಥೆ ಸ್ಟೇಷನ್ನಿಗೆ ಬರಬೇಕು, ಟಿಟಿ ಅಲ್ಲಿಂದ ಹೊರಟರೆ ಕಿಲೋಮೀಟರು ಉಳಿಯುತ್ತದೆ ಅಂತ. ಟಿಟಿಯವರ ಮೀಟರು ಗ್ಯಾರೇಜಿನಿಂದ ಗ್ಯಾರೇಜಿಗೆ ಓಡುತ್ತದೆ, ನಾವು ಎಲ್ಲಿ ಹತ್ತಿದರೂ ಅಷ್ಟೇ ಅಂತ ಡ್ರೈವರೇ ಫೋನು ಮಾಡಿ ತಿಳಿಸಿದ ಮೇಲೆ ಸುತ್ತೋಲೆ ವಾಪಸ್ಸಾಯಿತು. ಅಷ್ಟರಲ್ಲಿ ನನ್ನ ನಾದಿನಿಯ ಸಂಸಾರ ಸೂಟ್‌ಕೇಸಿನ ಸಮೇತ ಮೆಟ್ರೋದಲ್ಲಿ ಅರ್ಧ ದಾರಿ ಹೋಗಿಯಾಗಿತ್ತು.

ಬುತ್ತಿಯ ಬಗ್ಗೆ ಮಾತ್ರ ಹೇಳಲೇಬೇಕು. ಊಟವೆಲ್ಲ ದರದೊಳಗೇ ಸೇರಿದೆ ಎಂದು ನೂರು ಸಲ ಹೇಳಿದವರು ಅವರೇ. ಆದರೂ ಹೊರಟಾಗ ಚಪಾತಿ, ಚಟ್ನಿಪುಡಿ, ಪುಳಿಯೋಗರೆ, ಮೊಸರನ್ನದ ಡಬ್ಬಿಗಳು ನನ್ನ ಕಾಲಿನ ಜಾಗವನ್ನು ಆಕ್ರಮಿಸಿದವು. ಶಿವನಸಮುದ್ರದ ಹತ್ತಿರ ಮರದಡಿ ನಿಲ್ಲಿಸಿ ಎಲ್ಲರಿಗೂ ಒತ್ತಾಯ ಮಾಡಿ ಬಡಿಸಿದರು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ್ದು ಇಲ್ಲಿಂದಲೇ ಅಂತ ಮಕ್ಕಳಿಗೆ ಪಾಠ ಬೇರೆ. ಕ್ಯಾಂಪು ಮುಟ್ಟಿದಾಗ ಮಧ್ಯಾಹ್ನದ ಊಟದ ಹೊತ್ತು. ಯಾರಿಗೂ ಹಸಿವಿಲ್ಲ. ಭಾವ ಬಾಗಿಲಲ್ಲಿ ನಿಂತು ಮೆಲ್ಲಗೆ ಗದರಿದರು: ‘ಊಟ ಬಿಟ್ಟರೆ ದುಡ್ಡು ವಾಪಸ್ ಕೊಡಲ್ಲ. ತಿನ್ನಿ.’

ದಾರಿಯಲ್ಲಿ ಬೆಟ್ಟದ ಮೇಲೆ ರಂಗನಾಥನ ದರ್ಶನವೂ ಆಗಿತ್ತು. ಆ ಕಾಡಿನ ಸೋಲಿಗರು ಈ ದೇವರನ್ನು ಭಾವ ಅಂತ ಕರೆಯುತ್ತಾರೆ. ತಮ್ಮ ಕುಲದ ಹುಡುಗಿ ಕುಸುಮಾಲೆಯ ಕೈ ಹಿಡಿದವನು ಅಂತ. ಭಾವ ಕಾಡೆಲ್ಲ ಸುತ್ತುವವನಾದ್ದರಿಂದ ಕಾಲಿನದು ಸವೆಯುತ್ತದೆಂದು ಭಾರೀ ಗಾತ್ರದ ಚರ್ಮದ ಚಪ್ಪಲಿ ಮಾಡಿಸಿ ಒಪ್ಪಿಸುವ ಪದ್ಧತಿಯಿದೆ. ನಮ್ಮ ಭಾವ ಆ ಚಪ್ಪಲಿಗೆ ಭಕ್ತಿಯಿಂದ ಕೈಮುಗಿದರು. ಮೆಟ್ಟಿಲಿಳಿಯುವಾಗ ನನ್ನ ಕಿವಿಯ ಹತ್ತಿರ ಬಂದು, ‘ಜೋಡಿಗೆ ಎಷ್ಟಾಗಬಹುದು?’ ಅಂದರು.

ಈಗ ಸಫಾರಿ. ನನ್ನ ಸಂಕಟವೆಲ್ಲ ಇರುವುದು ಇಲ್ಲೇ.

ಬೇಸಿಗೆಯ ಕಡುಬಿಸಿಲಿನಲ್ಲಿ ಕಾಡಿನ ಹಳ್ಳಕೊಳ್ಳ ಬತ್ತಿರುತ್ತವೆ. ಪ್ರಾಣಿಗಳು ನೀರಿರುವ ಒಂದೆರಡು ಕೆರೆಗೇ ಬರಬೇಕು, ಅಲ್ಲಿ ಕಾದರೆ ಕಾಣುತ್ತವೆ. ಮುಂಗಾರಿಗೆ ಮೊದಲಿನ ಮಳೆ ನಾಲ್ಕು ಬಿತ್ತೆಂದರೆ ನೀರು ಎಲ್ಲೆಂದರಲ್ಲಿ, ಹಸಿರು ಆಳೆತ್ತರ, ಲಂಟಾನದ ಪೊದೆ ಗೋಡೆ ಕಟ್ಟಿದಷ್ಟು ದಟ್ಟ. ನಮ್ಮ ಆಫ್ ಸೀಸನ್ನು ಪ್ರಾಣಿಗಳಿಗೂ ಆಫ್ ಸೀಸನ್ನೇ. ಜೀಪು ಹೊರಟ ಅರ್ಧ ಗಂಟೆಯಲ್ಲಿ ಕಂಡಿದ್ದು ಎರಡು ನವಿಲು. ಭಾವ ಜೇಬಿನಿಂದ ಸಣ್ಣ ಪುಸ್ತಕ ತೆಗೆದರು. ನೋಡಿದ ಪ್ರಾಣಿಗಳ ಹೆಸರು ಬರೆದಿಡುತ್ತಾರೆ, ಪರವಾಗಿಲ್ಲ, ನಿಸರ್ಗಪ್ರೇಮ ಅಂದುಕೊಂಡೆ. ಕಣ್ಣು ಹಾಯಿಸಿದರೆ, ಹದಿನಾಲ್ಕು ಜನರ ಒಟ್ಟು ಖರ್ಚನ್ನು ಮೇಲೆ ಬರೆದು ಅದರ ಕೆಳಗೆ ‘÷ 2’ ಅಂತ ಹಾಕಿದ್ದಾರೆ.

ಒಂದು ನವಿಲಿಗೆ ಬಿದ್ದ ಬೆಲೆಯಲ್ಲಿ ಜಯನಗರ ಫೋರ್ತ್ ಬ್ಲಾಕಿನಲ್ಲಿ ಒಂದು ಒಳ್ಳೆ ರೇಷ್ಮೆ ಸೀರೆ ಬರುತ್ತಿತ್ತು ಅಂತ ನಮ್ಮ ಅತ್ತಿಗೆ ತಕ್ಷಣ ಲೆಕ್ಕ ಹಾಕಿ ಹೇಳಿದರು. ಅವರೂ ಆ ಮನೆಯವರೇ ತಾನೇ.

ತಿರುವಿನಲ್ಲಿ ಜಿಂಕೆಯ ಹಿಂಡು ಸಿಕ್ಕಿತು. ಹಿಂಡಿನ ಸೊಬಗು ನೋಡುವುದಕ್ಕೆ ನಮ್ಮನ್ನು ಬಿಡಲಿಲ್ಲ. ‘ನೀನು ಎಡಗಡೆ ಎಣಿಸು, ನಾನು ಬಲಗಡೆ’ ಅಂತ ಕೆಲಸ ಹಂಚಿದರು. ಮೂವತ್ತೊಂದು. ಸರಾಸರಿ ಇಳಿಯಿತು, ಭಾವನ ಮುಖ ಅರಳಿತು. ಒಂದು ಕಡವೆ, ಮೂರು ಕಾಡುಹಂದಿ, ಮರದ ತುದಿಯಲ್ಲಿ ಒಂದು ಕೆಂದಳಿಲು ಸೇರಿದವು. ಮುಸುವಗಳ ಗುಂಪು ಬಂದಾಗ ತಕರಾರು ಎದ್ದಿತು. ‘ಮಂಗಕ್ಕೆಲ್ಲ ದುಡ್ಡು ಹಾಕಬೇಡಿ, ನಮ್ಮ ತಾರಸಿ ಮೇಲೇ ಬರ್ತವೆ’ ಅಂದಳು ನನ್ನ ಹೆಂಡತಿ. ಅದು ಬೇರೆ ಜಾತಿ, ಇದು ಬೇರೆ ಜಾತಿ, ಕಪ್ಪು ಮೂತಿ ನೋಡು ಅಂತ ಭಾವ ಪ್ರಾಣಿಶಾಸ್ತ್ರದಿಂದ ವಾದ ಮಾಡಿ ಹನ್ನೊಂದು ಮುಸುವವನ್ನು ಜಮಾ ಮಾಡಿಸಿಕೊಂಡರು. ವಾಪಸ್ಸು ಬರುವಾಗ ಮತ್ತೆ ಜಿಂಕೆ. ‘ಇದು ಆಗಲೇ ಎಣಿಸಿದ ಹಿಂಡು, ಡಬಲ್ ಎಂಟ್ರಿ ಆಗುತ್ತೆ’ ಅಂತ ನಾನು ತಡೆದೆ. ಇನ್‌ಸ್ಪೆಕ್ಷನ್ ವಿಭಾಗದ ಮನುಷ್ಯನಿಗೆ ಇದು ನಾಟಬೇಕಾದಲ್ಲಿ ನಾಟಿತು. ಹದಿನೈದು ನಿಮಿಷ ನನ್ನ ಜೊತೆ ಮಾತಾಡಲಿಲ್ಲ. ಕಾಡಿನ ಮೌನ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಆ ಹದಿನೈದು ನಿಮಿಷದಲ್ಲಿ. ನಾನೂ ಒಳಗೊಳಗೇ ಮುಸುವ ಬಿಟ್ಟು ಸರಾಸರಿ ಎಷ್ಟಾಗುತ್ತದೆ ಅಂತ ಭಾಗಾಕಾರ ಮಾಡುತ್ತಿದ್ದೆ ಎನ್ನುವುದು ಬೇರೆ ಮಾತು.

ಹುಲಿ ಬರಲಿಲ್ಲ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಕಾಡು ಇದು. ಹುಲಿಗಳು ಇವೆ, ನಮ್ಮ ದಾರಿಗೆ ಬರಬೇಕೆಂಬ ಕರಾರು ಇಲ್ಲ. ಜೀಪಿನವರು ಅಲ್ಲಿಯ ಸೋಲಿಗರು, ಸಮಾಧಾನದ ಮನುಷ್ಯ. ‘ಹುಲಿ ನಿಮ್ಮನ್ನ ನೋಡಿರ್ತದೆ ಸಾ, ನೀವು ನೋಡ್ನಿಲ್ಲ ಅಷ್ಟೆಯ’ ಅಂದರು. ಭಾವ ಒಂದು ಕ್ಷಣ ಯೋಚಿಸಿ, ‘ಹಾಗಾದ್ರೆ ಅದಕ್ಕೆ ಪುಕ್ಕಟೆ ಸಫಾರಿ ಆಯ್ತು’ ಅಂದರು. ಜೀಪಿನವರು ಕ್ಯಾಂಪು ಮುಟ್ಟುವವರೆಗೂ ನಗುತ್ತಿದ್ದರು. ಹುಲಿ ಬರುತ್ತದೆಂದು ಒಕ್ಕಲೆಬ್ಬಿಸುವ ಮಾತು ಕೇಳುತ್ತಾ ಬಂದ ಈ ಜನ 2011ರಲ್ಲೇ ಅದೇ ಕಾಡಿನ ಮೇಲೆ ತಮ್ಮ ಸಮುದಾಯದ ಹಕ್ಕುಪತ್ರ ಪಡೆದರು ಎಂಬುದನ್ನು ನನ್ನ ಮಗನಿಗೆ ಹೇಳಿಕೊಟ್ಟವರೂ ಅವರೇ. ಹುಲಿಗಿಂತ ಇದು ಅವನಿಗೆ ಜಾಸ್ತಿ ನೆನಪಿದೆ.

ಕೆ. ಗುಡಿಯಲ್ಲಿ ಟೆಂಟಿನ ಸುತ್ತ ಬೇಲಿ ಇಲ್ಲ. ಕತ್ತಲಾದ ಮೇಲೆ ಜಿಂಕೆಗಳು ಮೆಟ್ಟಿಲ ಹತ್ತಿರವೇ ಬಂದು ಮೇಯುತ್ತವೆ. ಭಾವ ಟಾರ್ಚು ಹಿಡಿದು ಹೊರಗೆ ಬಂದರು. ಇವು ಸಫಾರಿ ಲೆಕ್ಕಕ್ಕೆ ಬರುವುದಿಲ್ಲ ಅಂದರೆ, ‘ಪ್ಯಾಕೇಜ್ ಒಳಗೇ ಬರುತ್ತೆ’ ಅಂದರು. ಆಮೇಲೆ ಒಟ್ಟು ಮೊತ್ತವನ್ನು ಗ್ರೂಪಿಗೆ ಹಾಕಲು ಹೋದರು. ಸಿಗ್ನಲ್ ಇರಲಿಲ್ಲ. ಫೋನನ್ನು ಆಕಾಶಕ್ಕೆ ಹಿಡಿದು ಅತ್ತಿತ್ತ ನಡೆದರು, ಕಲ್ಲಿನ ಮೇಲೆ ಹತ್ತಿ ನೋಡಿದರು. ಕೊನೆಗೆ ಬೆಂಕಿಯ ಸುತ್ತ ಹಾಕಿದ್ದ ಕುರ್ಚಿಯಲ್ಲಿ ಬಂದು ಕೂತರು. ಯೋಜಿಸಲು ಏನೂ ಉಳಿಯದ ಭಾವನನ್ನು ನಾನು ಅವತ್ತೇ ಮೊದಲು ನೋಡಿದ್ದು.

ಯಾರೋ ಆನೆಯ ಮಾತೆತ್ತಿದರು. ಈ ಸೀಮೆಯಲ್ಲೇ 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷಿನವನು ಮೈಸೂರು ಸರ್ಕಾರಕ್ಕೆ ಖೆಡ್ಡಾ ಮಾಡಿ ಆನೆ ಹಿಡಿದುಕೊಟ್ಟದ್ದು, ಆಮೇಲೆ ಅದು ಕಾಕನಕೋಟೆಯಲ್ಲಿ ದೊಡ್ಡ ಸಂಭ್ರಮವಾಗಿ ಬೆಳೆದದ್ದು, ಹೀಗೆ ಮಾತು ಹೋಯಿತು. ಭಾವ ಬೆಂಕಿ ನೋಡುತ್ತಾ ಹೇಳಿದರು: ‘1971ರಲ್ಲಿ ನಮ್ಮಪ್ಪ ಕಾಕನಕೋಟೆ ಖೆಡ್ಡಾಕ್ಕೆ ಕರ್ಕೊಂಡು ಹೋಗ್ತೀನಿ ಅಂದಿದ್ರು. ನಾವು ಆರು ಮಕ್ಕಳು, ಅಜ್ಜಿ ಬೇರೆ. ಕ್ಯಾಲೆಂಡರ್ ಹಿಂದೆ ಬಸ್ ಚಾರ್ಜು ಬರೆದು ಕೂಡಿದ್ರು. ಎಷ್ಟು ಸಲ ಕೂಡಿದ್ರೂ ಅಷ್ಟೇ ಬಂತು. ಇಬ್ಬರನ್ನ ಕರ್ಕೊಂಡು ಹೋಗಿ ಅಂದ್ರು ಅಮ್ಮ. ಆಗಲ್ಲ, ಎಲ್ಲರೂ ಹೋದ್ರೆ ಹೋಗೋದು, ಮುಂದಿನ ಖೆಡ್ಡಾಕ್ಕೆ ನೋಡೋಣ ಅಂದ್ರು.’

ಮುಂದಿನ ಖೆಡ್ಡಾ ಅಂತ ಆಗಲಿಲ್ಲ. 1971ರದೇ ಕಡೆಯದು. ಮಾರನೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಖೆಡ್ಡಾ ನಡೆಯುತ್ತಿದ್ದ ಜಾಗವೂ ಕಬಿನಿ ಹಿನ್ನೀರಿನಲ್ಲಿ ಮುಳುಗಿತು. ಆನೆಗಳ ಪಾಲಿಗೆ ಒಳ್ಳೆಯದೇ ಆಯಿತು, ಆ ಹಿಂಸೆ ನಿಂತದ್ದು ಸರಿಯೇ. ಕ್ಯಾಲೆಂಡರ್ ಹಿಂದಿನ ಲೆಕ್ಕ ಮಾತ್ರ ಹಾಗೇ ಉಳಿಯಿತು.

ಹದಿನಾಲ್ಕು ಜನರಲ್ಲಿ ನಾಲ್ವರನ್ನು ಬಿಟ್ಟಿದ್ದರೆ ಭಾವನ ಬಜೆಟ್ಟು ಯಾವಾಗಲೋ ಕೂಡಿಬರುತ್ತಿತ್ತು. ಹತ್ತು ಜನರಾದರೆ ಕಬಿನಿಗೂ ಮನಸ್ಸು ಮಾಡಬಹುದಿತ್ತೇನೋ. ಮಂಡಿನೋವಿನ ಅತ್ತೆಯನ್ನು ‘ನೀವು ಮನೇಲಿರಿ, ಟೀವಿ ಇದೆ’ ಅಂತ ಬಿಟ್ಟು ಬರುವುದನ್ನು ನಮ್ಮಲ್ಲಿ ಎಷ್ಟು ಜನ ಮಾಡಿಲ್ಲ? ಅವರ ಪಟ್ಟಿಯಿಂದ ಮಾತ್ರ ಇದುವರೆಗೆ ಒಂದು ಹೆಸರೂ ಹೋಗಿಲ್ಲ. ನಾದಿನಿಯ ಗಂಡ ಎರಡು ವರ್ಷ ನಮ್ಮ ಜೊತೆ ಮಾತು ಬಿಟ್ಟಿದ್ದಾಗಲೂ ಅವನ ತಲೆಗೆ ಎಷ್ಟು ಎನ್ನುವುದು ಆ ಪಟ್ಟಿಯಲ್ಲಿ ಇತ್ತು. ಇಷ್ಟು ತಲೆಗಳನ್ನು ಒಟ್ಟಿಗೆ ಸಾಗಿಸಬೇಕೆಂದು ಹೊರಟವನು ಮೆಟ್ರೋ, ಬುತ್ತಿ, ಬುಧವಾರ ಅಂತ ಒದ್ದಾಡದೆ ಇನ್ನೇನು ಮಾಡಿಯಾನು? ನಮ್ಮ ಮಕ್ಕಳಿಗೆ ಚಿಕ್ಕಮ್ಮ, ದೊಡ್ಡಪ್ಪ, ಅವರ ಮಕ್ಕಳು ಅಂತ ಮುಖಪರಿಚಯ ಇರುವುದು ಮದುವೆ ಮನೆಗಳಿಂದಲ್ಲ. ಹನ್ನೆರಡು ಸೀಟಿನಲ್ಲಿ ಒಬ್ಬರ ತೊಡೆ ಮೇಲೊಬ್ಬರು ಕೂತು ಮಳವಳ್ಳಿಯವರೆಗೂ ಜಗಳವಾಡಿದ್ದರಿಂದ.

ಬೆಂಕಿ ಆರುವ ಹೊತ್ತಿಗೆ ನನಗೆ ಭಾವನ ಮೇಲೆ ಬಂದ ಪ್ರೀತಿ ಬೆಳಿಗ್ಗೆ ಐದು ಗಂಟೆಯವರೆಗೆ ಇತ್ತು. ಐದಕ್ಕೆ ಅವರು ಟೆಂಟಿನ ಜಿಪ್ಪು ಎಳೆದು, ‘ಏಳಿ, ಬೆಳಗಿನ ಸಫಾರಿಗೂ ದುಡ್ಡು ಕೊಟ್ಟಿದೀವಿ’ ಅಂತ ಕೂಗಿದರು.

ಬೆಳಗಿನ ಸಫಾರಿಯಲ್ಲಿ ಕಾಟಿಗಳು ಸಿಕ್ಕವು. ದೂರದ ಬೆಟ್ಟದ ಬುಡದಲ್ಲಿ ಕಪ್ಪಗೆ ಒಂದು ಕಂಡಿತು. ಭಾವ ಆನೆ ಅಂತ ಬರೆದುಕೊಂಡರು, ಜೀಪಿನವರು ಬಂಡೆ ಅಂದರು, ಪುಸ್ತಕದಲ್ಲಿ ಅದು ಪ್ರಶ್ನಾರ್ಥಕ ಚಿಹ್ನೆಯ ಜೊತೆ ಉಳಿದಿದೆ. ಊರಿಗೆ ಬಂದ ಮೂರನೇ ದಿನ ಪೂರ್ತಿ ಲೆಕ್ಕ ಗ್ರೂಪಿಗೆ ಬಂತು. ತಲಾ ಖರ್ಚು, ಪ್ರಾಣಿವಾರು ಸರಾಸರಿ, ಕೊಳ್ಳೇಗಾಲದಲ್ಲಿ ನಾನು ಕುಡಿದ ಎರಡನೇ ಎಳನೀರು ಪ್ರತ್ಯೇಕವಾಗಿ. ಮೊದಲನೆಯದು ಸಾಮೂಹಿಕ ಖರ್ಚು, ಎರಡನೆಯದು ಸ್ವಂತದ್ದು. ನಾನು ಕಳಿಸಿದೆ.

ಈಗ ದಸರಾ ರಜೆಗೆ ದುಬಾರೆ ಅಂತ ಹೊಸ ಯೋಜನೆ ಹೊರಬಿದ್ದಿದೆ. ತಲೆ ಹದಿನೈದು, ನಾದಿನಿಯ ಮಗಳಿಗೆ ಮದುವೆ ಗೊತ್ತಾಗಿರುವುದರಿಂದ. ‘ಅಳಿಯನಾಗೋನಿಗೂ ಗೊತ್ತಾಗಲಿ, ನಾವು ಎಂಥ ಜನ ಅಂತ’ ಎಂದಿದ್ದಾರೆ ಭಾವ. ನಿಮ್ಮ ಮನೆಯಲ್ಲೂ ಇಂಥವರೊಬ್ಬರಿದ್ದರೆ ಅವರು ಅಡ್ವಾನ್ಸ್ ಕೇಳಿದ ದಿನವೇ ಕೊಟ್ಟುಬಿಡಿ, ರೇಟು ಇಳಿಯಲಿ ಅಂತ ಕಾಯಲು ಬಿಡಬೇಡಿ. ಲೆಕ್ಕ ಮಾತ್ರ ಕೇಳಬೇಡಿ. ಕೇಳಿದರೆ ಕಳಿಸುತ್ತಾರೆ.